ಸಲಾಕೆ ಎಷ್ಟು ಇಳಿಯಿತು?

ಸೆಪ್ಟೆಂಬರ್ ಎರಡನೇ ವಾರ ಬಂತೆಂದರೆ ನನ್ನ ಮೊಬೈಲ್‌ಗೆ ಬೆಳಿಗ್ಗೆ ಆರು ಗಂಟೆಯಿಂದಲೇ ರೈತರ ಕರೆಗಳು ಶುರುವಾಗುತ್ತವೆ. ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಮಾತು. “ರಾತ್ರಿ ಒಳ್ಳೆಯ ಮಳೆ ಆಗಿದೆ ಸಾಹೇಬರೇ, ಜೋಳ ಬಿತ್ತಲೇ?” ನಾನು ಕೇಳುವುದೂ ಒಂದೇ: “ಸಲಾಕೆ ಎಷ್ಟು ಇಳಿಯಿತು?”

ವಿಜಯಪುರ ಸೀಮೆಯ ಎರೆ ಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲಗಳಲ್ಲಿ, ಹಿಂಗಾರಿ ಜೋಳ ಬೆಳೆಯುವುದು ಮೇಲೆ ಬೀಳುವ ಮಳೆಯಿಂದಲ್ಲ, ಒಳಗೆ ಕೂಡಿಟ್ಟ ಹಸಿಯಿಂದ. ಬಿತ್ತಿದ ಮೇಲೆ ಒಂದೆರಡು ಮಳೆ ಬಂದರೆ ಅದು ಪುಣ್ಯ. ನವೆಂಬರ್ ನಂತರ ಆಕಾಶ ನೋಡಿ ಪ್ರಯೋಜನವಿಲ್ಲ. ಹಾಗಾಗಿ ಬಿತ್ತುವ ದಿನ ನೆಲದೊಳಗೆ ಎಷ್ಟು ನೀರಿದೆಯೋ ಅದೇ ಬೆಳೆಯ ಬಂಡವಾಳ. ಅದನ್ನು ಅಳೆಯಲು ದುಬಾರಿ ಯಂತ್ರವೇನೂ ಬೇಡ. ಬೆರಳು ಗಾತ್ರದ, ನಾಲ್ಕು ಅಡಿ ಉದ್ದದ ಕಬ್ಬಿಣದ ಸಲಾಕೆಯ ಮೇಲ್ತುದಿಗೆ ಅಡ್ಡ ಹಿಡಿಕೆ ಬೆಸೆದರೆ ಸಾಕು. ಎರಡೂ ಕೈಯಿಂದ ನೇರವಾಗಿ ಒತ್ತಬೇಕು. ನೆನೆದ ಎರೆ ಮಣ್ಣಿನಲ್ಲಿ ಅದು ಸರಾಗವಾಗಿ ಇಳಿಯುತ್ತದೆ. ಒಣ ಮಣ್ಣು ತಾಗಿದ ಕೂಡಲೇ ಗಕ್ಕನೆ ನಿಲ್ಲುತ್ತದೆ. ಆಳವಾದ ಎರೆ ಮಣ್ಣು ಒಂದು ಅಡಿ ನೆನೆದಿದ್ದರೆ ಬೆಳೆಗೆ ಸಿಗುವ ನೀರು ಸುಮಾರು 50 ರಿಂದ 60 ಮಿಲಿಮೀಟರ್. ಮೂರು ಅಡಿ ನೆನೆದಿದ್ದರೆ 150ಕ್ಕಿಂತ ಹೆಚ್ಚು. ಜೋಳಕ್ಕೆ ಧೈರ್ಯ ಮಾಡಬಹುದಾದ ಮಟ್ಟ ಅದು.

ಈ ಪಾಠ ನನಗೆ ಪುಸ್ತಕದಿಂದ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಡಿ ತಾಲೂಕಿನ ಒಂದು ಹೊಲದಲ್ಲಿ ನಿಂತು, ಉತ್ತರಿ ಮಳೆ ಭರ್ಜರಿಯಾಗಿ ಆಗಿದೆ, ಬಿತ್ತನೆಯ ಹೊತ್ತು ಮೀರುವ ಮುನ್ನ ಬಿತ್ತಿಬಿಡಿ ಎಂದು ಹೇಳಿದ್ದೆ. ಹೊಲದ ಹಿರಿಯರು ಕುಳಿತು ಕೈಯಿಂದಲೇ ಗೇಣುದ್ದ ಮಣ್ಣು ಕೆದರಿ ತೋರಿಸಿದರು. “ಮೇಲೆ ಹದ ಇದೆ ಸಾಹೇಬರೇ, ಒಳಗೆ ಏನೂ ಇಲ್ಲ.” ನನ್ನ ಕೈಯಲ್ಲಿ ಮಳೆಮಾಪಕದ ಅಂಕಿ ಇತ್ತು, ಅವರ ಕೈಯಲ್ಲಿ ಮಣ್ಣು ಇತ್ತು. ಅವರು ನನ್ನ ಮಾತಿಗೆ ಬೆಲೆ ಕೊಟ್ಟು ಬಿತ್ತಿದರು. ಡಿಸೆಂಬರ್‌ನಲ್ಲಿ ಹೋಗಿ ನೋಡಿದಾಗ ಕೆಳಗಿನ ಎಲೆಗಳೆಲ್ಲ ಸುಟ್ಟಂತೆ ಒಣಗಿದ್ದವು. ತೆನೆ ತನ್ನನ್ನು ಸುತ್ತಿದ ಎಲೆಯ ಹೊಡೆಯಿಂದ ಪೂರ್ತಿ ಹೊರಬಂದಿರಲಿಲ್ಲ. ಒಂದು ಕಾಂಡ ಸೀಳಿ ನೋಡಿದೆ. ಒಳಗಿನ ತಿರುಳು ನಾರುನಾರಾಗಿ ಬಿಡಿಬಿಡಿಯಾಗಿತ್ತು, ಅದರ ತುಂಬ ಇದ್ದಿಲ ಪುಡಿ ಉದುರಿಸಿದಂತೆ ಸಣ್ಣ ಕರಿ ಚುಕ್ಕೆಗಳು. ಕಾಳು ಕಟ್ಟುವ ಹೊತ್ತಿಗೆ ನೆಲದ ಹಸಿ ತೀರಿಹೋದ ಜೋಳಕ್ಕೆ ಬರುವ ಕಾಂಡ ಕೊಳೆ ರೋಗ ಅದು. ಪಕ್ಕದ ಹೊಲದವರು ಅದೇ ಮಳೆಗೆ ಕಡಲೆ ಹಾಕಿದ್ದರು, ಅವರಿಗೆ ಬೆಳೆ ಕೈಗೆ ಬಂತು. ಆ ಹಿರಿಯರು ನನಗೆ ಒಂದು ಕಠಿಣ ಮಾತನ್ನೂ ಆಡಲಿಲ್ಲ. ಅದು ಇಂದಿಗೂ ನನ್ನನ್ನು ಕಾಡುತ್ತದೆ.

ಹಾಗಾದರೆ ಅಷ್ಟು ಮಳೆ ಹೋದದ್ದು ಎಲ್ಲಿಗೆ? ಮಳೆ ಬರುವ ರೀತಿಯೇ ಬದಲಾಗಿದೆ. ವಾತಾವರಣ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಗಾಳಿ ಹಿಡಿದಿಡಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಭೂಮಿ ಈಗಾಗಲೇ ಒಂದು ಡಿಗ್ರಿಗಿಂತ ಹೆಚ್ಚು ಬಿಸಿಯಾಗಿದೆ. ಆದ್ದರಿಂದ ಸುರಿದಾಗ ಒಮ್ಮೆಲೇ ಧಾರಾಕಾರ, ಇಲ್ಲದಿದ್ದರೆ ವಾರಗಟ್ಟಲೆ ಬಿಸಿಲು. ಎರೆ ಮಣ್ಣಿನ ಗುಣವೋ ವಿಚಿತ್ರ. ನೀರು ಕುಡಿದು ಊದಿಕೊಂಡರೆ ಮೇಲ್ಮೈ ಮುಚ್ಚಿಕೊಂಡು, ನೀರನ್ನು ಬಹಳ ನಿಧಾನವಾಗಿ ಒಳಗೆ ಬಿಡುತ್ತದೆ. ಮೂರು ದಿನ ಜಿಟಿಜಿಟಿಯಾಗಿ ಬಂದ 50 ಮಿಲಿಮೀಟರ್ ಮಳೆ ಒಳಗಿಳಿಯುತ್ತದೆ. ಒಂದೇ ಸಂಜೆ ಬಿದ್ದ ಅಷ್ಟೇ ಮಳೆ ಹಳ್ಳ ಸೇರುತ್ತದೆ. ಒಂದು ಎಕರೆಗೆ ಒಂದು ಮಿಲಿಮೀಟರ್ ಮಳೆ ಎಂದರೆ ಸುಮಾರು 4,000 ಲೀಟರ್. 50 ಮಿಲಿಮೀಟರ್ ಎಂದರೆ ಎರಡು ಲಕ್ಷ ಲೀಟರ್. ಅದರಲ್ಲಿ ಮೂರನೇ ಒಂದು ಪಾಲು ಹರಿದು ಹೋದರೂ ಒಂದು ಎಕರೆಯಿಂದ 5,000 ಲೀಟರಿನ ಹದಿಮೂರು ಟ್ಯಾಂಕರ್ ನೀರು ಹೋದಂತೆ, ಜೊತೆಗೆ ಹೊಲದ ಅತ್ಯುತ್ತಮ ಮೇಲ್ಮಣ್ಣು ಕೂಡ.

ಆದ್ದರಿಂದ ನಾನು ಸಭೆಗಳಲ್ಲಿ ಬೀಜದ ಮಾತು ಕೊನೆಗೆ ಇಟ್ಟುಕೊಂಡು, ಚೌಕುಮಡಿಯಿಂದ ಶುರು ಮಾಡುತ್ತೇನೆ. ಮುಂಗಾರಿನ ಮೊದಲ ಮಳೆಗಳಿಗೆ ಹೊಲ ಹರಗಿ, ಜುಲೈ ಒಳಗೆ ಇಡೀ ಹೊಲವನ್ನು ಗೇಣೆತ್ತರದ ಬದುಗಳಿಂದ ಚೌಕ ಚೌಕವಾಗಿ ಕಟ್ಟುವ ಕೆಲಸ ಇದು. ಇಳಿಜಾರು ಇದ್ದರೆ ಹತ್ತು ಅಡಿಗೆ ಹತ್ತು ಅಡಿ, ಸಮತಟ್ಟಾಗಿದ್ದರೆ ಹದಿನೈದಕ್ಕೆ ಹದಿನೈದು. ಎತ್ತಿನಿಂದ ಎಳೆಯುವ ಸಾಧನವೂ ಇದೆ, ಟ್ರ್ಯಾಕ್ಟರಿನದ್ದೂ ಇದೆ. ಪ್ರತಿ ಚೌಕವೂ ತನ್ನ ಮೇಲೆ ಬಿದ್ದ ಮಳೆಯನ್ನು ತಾನೇ ಹಿಡಿದುಕೊಂಡು ನಿಲ್ಲುತ್ತದೆ. ಜೋರು ಮಳೆಯ ಮರುದಿನ ಅಂಥ ಹೊಲದ ಅಂಚಿನಲ್ಲಿ ನಿಂತು ನೋಡಬೇಕು: ನೂರಾರು ಪುಟ್ಟ ಕೆರೆಗಳು, ಎಲ್ಲದರಲ್ಲೂ ಆಕಾಶ. ಪಕ್ಕದ ಮಡಿ ಇಲ್ಲದ ಹೊಲದಲ್ಲಿ ನೀರು ಕೊರೆದ ಗೆರೆಗಳು ಮಾತ್ರ. ಬಿತ್ತನೆಯ ಹೊತ್ತಿಗೆ ಕುಂಟೆ ಹೊಡೆದರೆ ಮಡಿ ಒಡೆದು ಹೊಲ ಸಮವಾಗುತ್ತದೆ, ಬೀಜ ಬಿತ್ತುವ ಕೂರಿಗೆಗೆ ಯಾವ ಅಡ್ಡಿಯೂ ಇಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಹೊಲದ ಸುತ್ತ ದೊಡ್ಡ ಒಡ್ಡು ಹಾಕಿದ ಮಾತ್ರಕ್ಕೆ ಈ ಕೆಲಸ ಆಗುವುದಿಲ್ಲ. ಮುಂಬೈ ಪ್ರಾಂತದ ಕಾಲದಲ್ಲಿ, 1942ರ ಭೂ ಅಭಿವೃದ್ಧಿ ಯೋಜನೆಗಳ ಕಾಯ್ದೆಯ ನಂತರ, ಈ ಭಾಗದಲ್ಲಿ ಒಡ್ಡುಗಳನ್ನು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಕಡಿಮೆ ಆಳದ ಮಣ್ಣಿನಲ್ಲಿ ಅವು ಉಪಕಾರ ಮಾಡಿದವು. ಆಳದ ಎರೆಯಲ್ಲಿ ಮಾತ್ರ ನೀರು ಒಡ್ಡಿನ ಬುಡದಲ್ಲಿ ನಿಂತು ಬೆಳೆ ಕೊಳೆಯುವುದು, ಒಣಗಿದಾಗ ಒಡ್ಡೇ ಬಿರಿದು ಮುಂದಿನ ಮಳೆಗೆ ಒಡೆಯುವುದು ನಡೆಯುತ್ತದೆ. ಅಲ್ಲಿ ಹೆಚ್ಚಾದ ನೀರು ಹೊರಹೋಗಲು ಕಲ್ಲಿನ ಕೋಡಿ ಬೇಕೇ ಬೇಕು. ಹಿಡಿಯುವ ಕೆಲಸ ಮಡಿಯದ್ದು, ದಾರಿ ತೋರಿಸುವ ಕೆಲಸ ಒಡ್ಡಿನದ್ದು.

ಬಿತ್ತನೆಯ ನಿರ್ಧಾರಕ್ಕೆ ಬರೋಣ. ಸಲಾಕೆ ಮೂರು ಅಡಿ ಇಳಿದರೆ ಮಾಲದಂಡಿ ಜೋಳ ಹಾಕಿ. 1930ರ ದಶಕದಲ್ಲಿ ಮಹಾರಾಷ್ಟ್ರದ ಮೋಹೋಳದಲ್ಲಿ ಆಯ್ದ ಈ ತಳಿಯ ರೊಟ್ಟಿಗೂ ಮೇವಾಗುವ ಕಣಿಕೆಗೂ ಇಂದಿಗೂ ಬೇಡಿಕೆ ಕುಗ್ಗಿಲ್ಲ. ಎರಡು ಅಡಿಯ ಆಸುಪಾಸಿನಲ್ಲಿ ನಿಂತರೆ ನಾನು ಕಡಲೆ ಎನ್ನುತ್ತೇನೆ, ಬೇಗ ಮುಗಿಯುವ ಬೆಳೆ. ಬಿತ್ತನೆ ತಡವಾದರೆ ಹೂವಿನ ಹೊತ್ತಿಗೆ ಬಿಸಿಲೇರಿ ಕಾಯಿ ಕಟ್ಟುವುದಿಲ್ಲ, ಅದರ ಮೇಲೂ ಕಣ್ಣಿರಲಿ. ಜೊತೆಗೆ ಕೆಲವು ಸಾಲು ಕುಸುಬೆ ಇರಲಿ, ಅದರ ತಾಯಿಬೇರು ಆಳಕ್ಕೆ ಹೋಗಿ ಉಳಿದ ಹಸಿ ಹುಡುಕುತ್ತದೆ. ದನಕರುಗಳಿಗೆ ಮೇವು ಬೇಕು, ಜೋಳವೇ ಆಗಬೇಕು ಎನ್ನುವವರಿಗೆ ನನ್ನ ಸಲಹೆ: ಸಾಲಿನ ಅಂತರ ಹೆಚ್ಚಿಸಿ, ಬೀಜ ಕಡಿಮೆ ಮಾಡಿ, ಯೂರಿಯಾವನ್ನು ಕೈ ಬಿಗಿಹಿಡಿದು ಹಾಕಿ. ಒತ್ತಾದ, ಸೊಕ್ಕಿದ ಬೆಳೆ ಸಂಕ್ರಾಂತಿಗೆ ಮೊದಲೇ ಹಸಿಯನ್ನೆಲ್ಲ ಕುಡಿದು ಮುಗಿಸುತ್ತದೆ. ಬೆಳೆ ಎದ್ದ ಮೇಲೆ ಹಸಿ ಸಾಲದು ಎಂದು ಕಂಡರೆ ಪ್ರತಿ ಮೂರನೇ ಸಾಲನ್ನು ಕಿತ್ತುಹಾಕಿ. ಹಸಿರು ಬೆಳೆ ಕೀಳುವಾಗ ಕರುಳು ಚುರುಕ್ ಎನ್ನುತ್ತದೆ, ನನಗೆ ಗೊತ್ತು. ಆದರೆ ಉಳಿದ ಎರಡು ಸಾಲು ಬದುಕುವುದು ಅದರಿಂದಲೇ. ಕಿತ್ತ ಎಳೆಯ ಜೋಳವನ್ನು ಮಾತ್ರ ಹಸಿಯಾಗಿ ದನಕ್ಕೆ ಹಾಕಬೇಡಿ, ಎಳೆ ಜೋಳದಲ್ಲಿ, ಅದರಲ್ಲೂ ನೀರಿಲ್ಲದೆ ಬಾಡಿದ್ದರಲ್ಲಿ, ವಿಷದ ಅಂಶ ಇರುತ್ತದೆ. ಚೆನ್ನಾಗಿ ಒಣಗಿಸಿ ಹಾಕಿ.

ಬೆಳೆಯ ಸಾಲುಗಳ ನಡುವೆ ಕುಂಟೆ ಆಡಿಸಿ ಎಡೆ ಹೊಡೆಯುವುದನ್ನು ಕಳೆ ತೆಗೆಯುವ ಕೆಲಸ ಎಂದಷ್ಟೇ ತಿಳಿದವರು ಬಹಳ ಮಂದಿ. ಎರೆಯಲ್ಲಿ ಅದು ಬಿರುಕು ಮುಚ್ಚುವ ಕೆಲಸ. ಬಿರುಕಿನೊಳಗೆ ಒಣ ಗಾಳಿ ಇಳಿದರೆ ಆಳದ ಹಸಿಯೂ ಆರಿಹೋಗುತ್ತದೆ. ಕಳೆ ಇರಲಿ ಬಿಡಲಿ, ಮೂರು ಬಾರಿ ಎಡೆಕುಂಟೆ ಓಡಲೇಬೇಕು.

ಕೊಳವೆಬಾವಿಯ ಬಗ್ಗೆ ಕೇಳುವವರಿಗೆ ನಾನು ಉತ್ಸಾಹ ತುಂಬುವುದಿಲ್ಲ. ನಮ್ಮ ಕೆಳಗಿರುವುದು ಗಟ್ಟಿ ಕರಿಕಲ್ಲು, ಸಾಲ ಮಾಡಿ ಕೊರೆಸಿ ಧೂಳು ಕಂಡ ಮನೆಗಳನ್ನು ನೋಡಿದ್ದೇನೆ. ಕೃಷಿ ಹೊಂಡ ಬೇರೆ ವಿಷಯ. 2014ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆಯ ಹೊಂಡಗಳು ಹೂವಿನ ಹಂತದಲ್ಲಿ ಒಂದು ನೀರು ಕೊಟ್ಟು ಬೆಳೆ ಉಳಿಸಿದ ಹೊಲಗಳಿವೆ. ಹೂಳು ತಡೆಯುವ ಗುಂಡಿ ಮೊದಲು ತೋಡಿ, ಹೊಂಡ ಆಮೇಲೆ.

2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾಯಿತು. ಡೋಣಿ ನದಿಯ ಬಯಲನ್ನು ನೆನೆದು “ಡೋಣಿ ಬೆಳೆದರೆ ಓಣೆಲ್ಲ ಜೋಳ” ಎನ್ನುವ ಸೀಮೆ ನಮ್ಮದು. ಆ ವರ್ಷ ಊರೂರು ಸುತ್ತುವಾಗ ಕೇಳಿಬಂದದ್ದು ಮೇವಿನ ಚಿಂತೆ.

ಸಲಾಕೆಯನ್ನು ಒಂದೇ ಕಡೆ ಇಳಿಸಿ ನಿರ್ಧರಿಸಬೇಡಿ. ಬಿರುಕಿನೊಳಗೆ ಇಳಿದರೆ ಸುಳ್ಳು ಹೇಳುತ್ತದೆ, ಬದುವಿನ ಬಳಿ ಹೆಚ್ಚು ತೋರಿಸುತ್ತದೆ. ಹೊಲದ ಮೇಲ್ಭಾಗ, ನಡು, ತಗ್ಗು, ಮೂರೂ ಕಡೆ ಮೂರು ಮೂರು ಬಾರಿ ಒತ್ತಿ. ಮಳೆ ನಿಂತು ಎರಡು ದಿನ ಕಳೆದಿರಲಿ. ನಿಂತ ಗುರುತಿಗೆ ಸುಣ್ಣ ಹಚ್ಚಿ, ತೆಗೆದು ಅಳೆದು ಬರೆದಿಟ್ಟುಕೊಳ್ಳಿ. ಆಮೇಲೆ ಕರೆ ಮಾಡಿ, ಎಷ್ಟು ಹೊತ್ತಾದರೂ ಮಾತಾಡೋಣ.