ಮೋರ್ಯರ ಮನೆ ಅಂದ್ರೆ ಮನೆನಾ, ಸಮಾಧಿನಾ?

ಪುಣೆಲಿರೋ ನಮ್ಮ ಗಂಗಾವತಿ ಕಡೆ ಹುಡುಗರು ಊರಿಗೆ ಹೋದಾಗೆಲ್ಲ ಹಿರೇಬೆಣಕಲ್ ಗುಡ್ಡದ ಮೇಲಿರೋ ಚಪ್ಪಡಿ ಕಲ್ಲಿನ ಹಳೇ ಗೂಡುಗಳ ಫೋಟೊ ಕಳಿಸ್ತಾರೆ, ಅಷ್ಟೇ, ಇಲ್ಲಿ ವಾದ ಶುರು. ಕುಳ್ಳರು ಕಟ್ಟಿದ ಮೋರ್ಯರ ಮನೆ ಅಂತ ಒಬ್ರು, ಪಾಂಡವರದ್ದು ಅಂತ ಇನ್ನೊಬ್ರು, ಬರೀ ಗೋರಿ ಬಿಡಪ್ಪ ಅಂತ ಮತ್ತೊಬ್ರು. 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ತಾತ್ಕಾಲಿಕ ಪಟ್ಟಿಗೆ ಸೇರಿದ ಮೇಲಂತೂ ಕೇಳೋದೇ ಬೇಡ.

1850ರ ಆಸುಪಾಸಲ್ಲಿ ಸುರಪುರ ಸೀಮೆಲಿ ಇಂಥದ್ದೇ ಕಲ್ಲುಗುಡ್ಡೆ ಅಗೆಸಿದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್‌ಗೆ ಅವುಗಳಲ್ಲಿ ಯುರೋಪಿನ ಹಳೇ ಜನರ ಗೋರಿಗಳ ಹೋಲಿಕೆ ಕಂಡಿತ್ತು. ಆಮೇಲೆ ಸುಮಾರು ನೂರು ವರ್ಷ ಬರೀ ಯಾರದ್ದು, ಯಾವ ಕಾಲದ್ದು ಅನ್ನೋ ಪ್ರಶ್ನೆನೇ. 1947ರಲ್ಲಿ ಪುರಾತತ್ವ ಇಲಾಖೆಯ ಮುಖ್ಯಸ್ಥ ವ್ಹೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಅಗೆಸಿದಾಗ ಚಿತ್ರ ಬದಲಾಯ್ತು. ಅಲ್ಲಿ ಸಿಕ್ಕಿದ್ದು ಚಪ್ಪಡಿ ಕಲ್ಲಿನ ಪೆಟ್ಟಿಗೆ, ಪೂರ್ವದ ಕಡೆ ಚಪ್ಪಡಿಲಿ ದುಂಡನೆ ತೂತು, ಒಳಗೆ ಕಪ್ಪು-ಕೆಂಪು ಮಡಕೆ, ಕಬ್ಬಿಣ, ಮತ್ತೆ ಒಬ್ಬರಿಗಿಂತ ಹೆಚ್ಚು ಜನರ ಮೂಳೆ, ಅದೂ ಇಡೀ ದೇಹ ಅಲ್ಲ, ಬೇರೆ ಕಡೆ ಇಟ್ಟು ಆಮೇಲೆ ಆರಿಸಿ ತಂದ ಮೂಳೆಗಳು.

ನನಗೆ ಇಡೀ ವಿಷಯದ ಗಂಟು ಇರೋದು ಇಲ್ಲೇ. ಸತ್ತವರನ್ನ ಮುಚ್ಚಿ ಮರೆಯೋದಾಗಿದ್ರೆ ಅಷ್ಟು ದಪ್ಪ ಕಲ್ಲು ಕೊರೆದು ತೂತು ಯಾಕೆ ಮಾಡ್ತಿದ್ರು? ಮತ್ತೆ ಬರೋದಿತ್ತು, ಇನ್ನೊಬ್ಬರ ಮೂಳೆ ಸೇರಿಸೋದಿತ್ತು, ಏನಾದ್ರೂ ಕೊಡೋದಿತ್ತೋ ಏನೋ. ನಮ್ಮಲ್ಲಿ ಮಣ್ಣು ಮಾಡಿದ ಮೂರನೇ ದಿನ ಹಾಲು-ತುಪ್ಪ ಬಿಡೋಕೆ ಹೋಗ್ತೀವಲ್ಲ, ಅದೇ ಆಚಾರ ಅಂತ ನಾನು ಹೇಳ್ತಿಲ್ಲ, ಆದ್ರೆ ಸತ್ತವರ ಜತೆ ನಂಟು ಕಡಿಯಬಾರದು ಅನ್ನೋ ಮನಸ್ಸು ಮಾತ್ರ ಅದೇ ಅನ್ಸುತ್ತೆ.

ಇದಕ್ಕೆ ಇನ್ನೊಂದು ಮುಖ ಪುಣೆ ಪಕ್ಕದಲ್ಲೇ ಇದೆ, ಶಿರೂರ ತಾಲೂಕಿನ ಇನಾಮಗಾವ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವದವರು 1968ರಿಂದ ವರ್ಷಗಟ್ಟಲೆ ಅಗೆದ ಹಳೇ ಊರಿನ ಜಾಗ. ಅಲ್ಲಿ ಕಲ್ಲಿನ ಸಮಾಧಿ ಇಲ್ಲ, ಮನೆ ನೆಲದ ಕೆಳಗೇ ಹೂಳೋದು, ತಲೆ ಉತ್ತರಕ್ಕೆ. ಮಕ್ಕಳನ್ನ ಬಾಯಿಗೆ ಬಾಯಿ ಸೇರಿಸಿದ ಎರಡು ಮಡಕೆಲಿ ಇಟ್ಟಿದ್ದಾರೆ, ನೋಡಿದ್ರೆ ಹೊಟ್ಟೆ ಚುರ್ ಅನ್ನುತ್ತೆ. ದೊಡ್ಡವರ ಪಾದ ಮಾತ್ರ ಕತ್ತರಿಸಿದ್ದು, ಎದ್ದು ಹೋಗದೆ ಮನೇಲೇ ಇರಲಿ ಅಂತ ಅನ್ನೋದು ಒಂದು ವಿವರಣೆ. ನಾಲ್ಕು ಕಾಲಿನ ದೊಡ್ಡ ಮಣ್ಣಿನ ಪಾತ್ರೆಲಿ ಕೂರಿಸಿದ್ದ ಒಬ್ಬನ ಪಾದ ಮಾತ್ರ ಕತ್ತರಿಸದೆ ಹಾಗೇ ಇತ್ತು.

ವಿದರ್ಭದಲ್ಲಿ ನಾಗಪುರದ ಹತ್ತಿರದ ಮಾಹುರ್ಝರಿಲಿ ಕಲ್ಲಿನ ವೃತ್ತದೊಳಗೆ ಮನುಷ್ಯರ ಜತೆ ಕುದುರೆನೂ ಸಿಕ್ತು, ತಾಮ್ರದ ಆಭರಣ ಸಮೇತ. ಹಾಗಾಗಿ ಎಲ್ಲ ಕಡೆಗೂ ಒಂದೇ ಅರ್ಥ ಹುಡುಕೋದು ತಪ್ಪು ದಾರಿ.

ಈ ನಡುವೆ ಕಲ್ಲುಗಳು ಬದುವಿಗೆ, ಪಾಯಕ್ಕೆ, ಜಲ್ಲಿಗೆ ಹೋಗ್ತಾನೇ ಇವೆ. ಹಿರೇಬೆಣಕಲ್‌ನಲ್ಲಿ ಬಂಡೆ ಮೇಲಿನ ನಗಾರಿ ಕಲ್ಲು ಇನ್ನೂ ಇದೆ, ಕಲ್ಲಿಂದ ಬಡಿದ್ರೆ ಢಂ ಅಂತ ಗುಡ್ಡದ ಕೆಳಗೂ ಕೇಳುತ್ತೆ.