ಕ್ಯಾಂಟೀನ್ ರಮ್ಮಿನಲ್ಲಿ ಬಂದ ಹುಳ

ಕೊಡಗಿನಲ್ಲಿ ಸಮುದ್ರ ಇಲ್ಲ. ಆದರೂ ಸಮುದ್ರದ ಹುಳದ ಫೋಟೊಗಳು ನನ್ನ ಮೊಬೈಲಿಗೆ ಬರುವುದು ನಿಂತಿಲ್ಲ. ಸ್ಕೂಲಿಗೆ ರಜೆ ಬಂತು ಅಂದರೆ ವಿರಾಜಪೇಟೆಯ ಅರ್ಧ ಊರು ಮಾಕುಟ್ಟ ಘಾಟಿ ಇಳಿದು ಕಣ್ಣೂರಿನ ಬೀಚಿನಲ್ಲಿರುತ್ತದೆ. ಸಂಜೆಯೊಳಗೆ ವಾಟ್ಸಾಪ್ ಸದ್ದು. ಒದ್ದೆ ಮರಳು, ಅದರ ಮೇಲೊಂದು ಕೆಂಪು ಗೆರೆ, ಪಕ್ಕದಲ್ಲಿ ಯಾರದೋ ಚಪ್ಪಲಿ. "ಮೇಡಂ, ಸಮುದ್ರದ ಜರಿ ಸಿಕ್ಕಿದೆ. ಹೆಸರು ಹೇಳಿ."

ಜರಿ ಅಲ್ಲ ಅಂತ ಹೇಳಬಲ್ಲೆ. ಅದಕ್ಕಿಂತ ಮುಂದೆ ಹೋಗಲು ಚಪ್ಪಲಿ ಸಾಕಾಗುವುದಿಲ್ಲ.

ಇದು ಪಾಲಿಕೀಟ್. ನಮ್ಮ ತೋಟದ ಎರೆಹುಳಕ್ಕೂ, ಜೂನ್ ತಿಂಗಳಲ್ಲಿ ಕಾಲಿಗೆ ಹತ್ತುವ ಜಿಗಣೆಗೂ ನೆಂಟ. ಮೈಯೆಲ್ಲ ಉಂಗುರ. ಹೆಚ್ಚಿನವುಗಳಲ್ಲಿ ಉಂಗುರದ ಎರಡೂ ಪಕ್ಕ ಒಂದೊಂದು ಮೆತ್ತನೆಯ ಪಾದ, ಪಾದದ ತುದಿಯಲ್ಲಿ ಬಿರುಗೂದಲಿನ ಕಟ್ಟು. ಇದುವರೆಗೆ ಹೆಸರಿಟ್ಟಿರುವ ಪ್ರಭೇದಗಳೇ 10,000ಕ್ಕೂ ಜಾಸ್ತಿ. ಕರಾವಳಿಯಲ್ಲಿ ಕೆಲಸ ಮಾಡಿದಷ್ಟು ವರ್ಷವೂ ನಾನು ನೋಡಿದ್ದು ಇದರಲ್ಲಿ ಒಂದು ಮೂಲೆಯನ್ನು ಮಾತ್ರ. ಹಾಗಾಗಿ ಈಗ ಹೇಳುವುದೆಲ್ಲ ನೆರೀಡ್ ಅನ್ನುವ ಕುಟುಂಬದ ಮಟ್ಟಿಗೆ ಅಂತ ಇಟ್ಟುಕೊಳ್ಳಿ. ಬೇರೆ ಕುಟುಂಬಗಳ ಲೆಕ್ಕ ಬೇರೆ.

ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗದ ವಿಷಯ ಒಂದಿದೆ. ಬಣ್ಣ ನೋಡಿ, ಉದ್ದ ನೋಡಿ ಹುಳಕ್ಕೆ ಹೆಸರಿಡಲು ಆಗುವುದಿಲ್ಲ. ಹಸಿರು ಹುಳ ಮೊಟ್ಟೆ ತುಂಬಿಕೊಂಡಾಗ ಬೇರೆ ಬಣ್ಣ. ಆಲ್ಕೋಹಾಲಿಗೆ ಹಾಕಿದರೆ ನಾಲ್ಕು ದಿನದಲ್ಲಿ ಎಲ್ಲವೂ ಬೇಯಿಸಿದ ಶಾವಿಗೆ ಬಣ್ಣ. ಉದ್ದವೂ ಅಷ್ಟೇ. ಎಳೆಯದು ಗಿಡ್ಡ, ಬಾಲ ತುಂಡಾಗಿದ್ದು ಇನ್ನೂ ಗಿಡ್ಡ. ಕೆಲವು ನೆರೀಡ್‌ಗಳು ಮರಿ ಮಾಡುವ ಕಾಲಕ್ಕೆ ಗುರುತೇ ಸಿಗದ ಹಾಗೆ ಬದಲಾಗುತ್ತವೆ. ಕಣ್ಣು ದೊಡ್ಡದಾಗುತ್ತದೆ, ಪಾದ ದೋಣಿಯ ಹುಟ್ಟಿನ ಹಾಗೆ ಅಗಲವಾಗುತ್ತದೆ, ಬಿಲ ಬಿಟ್ಟು ನೀರಿನಲ್ಲಿ ಈಜುತ್ತವೆ. 19ನೇ ಶತಮಾನದ ಪಂಡಿತರೇ ಇದನ್ನು ನೋಡಿ ಏಮಾರಿದ್ದರು. ಆ ಈಜುವ ರೂಪಕ್ಕೆ ಹೆಟೆರೊನೆರೀಸ್ ಅಂತ ಬೇರೆ ಕುಲದ ಹೆಸರನ್ನೇ ಕೊಟ್ಟಿದ್ದರು. ಸೂಕ್ಷ್ಮದರ್ಶಕ ಇದ್ದವರ ಗತಿಯೇ ಹೀಗೆ, ಇನ್ನು ಮೊಬೈಲ್ ಝೂಮ್ ಮಾಡುವ ನಾವು ಯಾವ ಲೆಕ್ಕ ಅಲ್ವಾ?

ಹಾಗಾದರೆ ಏನು ನೋಡಬೇಕು? ಗಂಟಲು.

ನೆರೀಡ್ ಹುಳ ತನ್ನ ಗಂಟಲನ್ನು ಕೈಚೀಲ ಮಗುಚಿದ ಹಾಗೆ ಹೊರಗೆ ಹಾಕಬಲ್ಲದು. ತುದಿಯಲ್ಲಿ ಎರಡು ಕೊಕ್ಕೆಯಂಥ ದವಡೆ. ಗಂಟಲ ಮೇಲೆ ಕಂದು ಬಣ್ಣದ ಸಣ್ಣ ಸಣ್ಣ ಗಟ್ಟಿ ಹಲ್ಲು. ಇವು ಸುಮ್ನೆ ಚೆಲ್ಲಿದ ಹಾಗೆ ಇರುವುದಿಲ್ಲ. ಗಂಟಲನ್ನು ನಾವು 8 ಜಾಗಗಳಾಗಿ ವಿಂಗಡಿಸಿ ರೋಮನ್ ಅಂಕಿ ಹಾಕಿಕೊಂಡಿದ್ದೇವೆ. ಯಾವ ಜಾಗದಲ್ಲಿ ಎಷ್ಟು ಹಲ್ಲು, ಮೊನೆಯದೋ ಪಟ್ಟಿಯದೋ, ಒಂದು ಸಾಲೋ ಗುಂಪೋ ಅಂತ ಎಣಿಸಿ ಬರೆಯಬೇಕು. ಆರನೇ ಜಾಗದಲ್ಲಿ ಅಡ್ಡಪಟ್ಟಿಯಂಥ ಹಲ್ಲು ಇದ್ದರೆ ಪೆರಿನೆರೀಸ್ ಕುಲದ ಕಡೆ ಹೋಗುತ್ತೇವೆ. ಅಲ್ಲಿ ಬರೀ ಮೊನೆ ಹಲ್ಲಿದ್ದರೆ ದಾರಿ ಬೇರೆ. ಆಮೇಲೆ ಪಾದ. ಮುಂದಿನ, ನಡುವಿನ, ಹಿಂದಿನ ಪಾದಗಳನ್ನು ಕತ್ತರಿಸಿ, ಗ್ಲಿಸರಿನ್ ಹಾಕಿ, ಗಾಜಿನ ಪಟ್ಟಿಯ ಮೇಲಿಟ್ಟು ಕೂದಲು ನೋಡಬೇಕು. ಒಂದೊಂದು ಕೂದಲಿಗೂ ಕೀಲಿದೆ. ಕೀಲಿನ ಆಚೆಯ ಅಲಗು ಉದ್ದವೋ, ಕುಡುಗೋಲಿನ ಹಾಗೆ ಗಿಡ್ಡವೋ? ಅದು ಎಷ್ಟನೇ ಉಂಗುರದ ಪಾದ ಅಂತಲೂ ಬರೆದಿಡಬೇಕು. 10ನೇ ಪಾದದಲ್ಲಿ ಕಂಡದ್ದು 60ನೇ ಪಾದದಲ್ಲಿ ಇರಲೇಬೇಕು ಅಂತಿಲ್ಲ. ಇದೆಲ್ಲ ಒಂದು ಮಧ್ಯಾಹ್ನದ ಕೆಲಸ. ನಮ್ಮೂರಿನ ಮಳೆಗಾಲದಲ್ಲಾದರೆ ಎರಡು ದಿನ. ಕರೆಂಟ್ ಇರುವುದಿಲ್ಲ, ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ.

ಹೋದ ವರ್ಷ ನಮ್ಮ ಪಕ್ಕದ ತೋಟದ ನಿವೃತ್ತ ಸುಬೇದಾರರು ಕಣ್ಣೂರಿಗೆ ಹೋಗಿದ್ದರು. ಬಂಡೆ ಸಂದಿಯಲ್ಲಿ ಸಿಕ್ಕ ಹುಳವನ್ನು ಕ್ಯಾಂಟೀನ್ ರಮ್ಮಿಗೆ ಹಾಕಿ ತಂದರು. "ನೀವೇ ಹೇಳಿದ್ರಲ್ಲ ಮೇಡಂ, ಆಲ್ಕೋಹಾಲ್ ಅಂತ." ಹೇಳಿದ್ದು 70 ಪರ್ಸೆಂಟ್. ರಮ್ಮಿನಲ್ಲಿ ಇರುವುದು 42.8. ಹುಳ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಬೈಯಬೇಕು ಅಂತ ಬಾಯಿ ತೆರೆದವಳು ಲೆನ್ಸಿನಲ್ಲಿ ನೋಡಿ ಸುಮ್ಮನಾದೆ. ತಲೆ ಇದೆ, ಬಾಲ ಇದೆ, ಸಾಯುವಾಗ ಗಂಟಲನ್ನು ಪೂರ್ತಿ ಹೊರಗೆ ಹಾಕಿದೆ. ಆರನೇ ಜಾಗದಲ್ಲಿ ಎರಡೂ ಕಡೆ ಒಂದೊಂದು ಅಡ್ಡಪಟ್ಟಿ. ಆ ವರ್ಷ ಬಂದ ನೂರಾರು ಫೋಟೊಗಳಿಗಿಂತ ಆ ರಮ್ಮಿನ ಹುಳವೇ ವಾಸಿ.

"ಪೆರಿನೆರೀಸ್" ಅಂದೆ. "ಅದು ಮನೆತನದ ಹೆಸರು. ಇದರ ಸ್ವಂತ ಹೆಸರು?" ಅಂದರು.

ಹುಳಗಳ ಹಳೇ ಹೆಸರುಪಟ್ಟಿ ಹಿಡಿದರೆ ಹೆಸರು ಸಿಗುತ್ತದೆ. ಪೆರಿನೆರೀಸ್ ಕಲ್ಟ್ರಿಫೆರಾ. ಆದರೆ 1840ರಲ್ಲಿ ಗ್ರೂಬೆ ಅನ್ನುವ ವಿಜ್ಞಾನಿ ಆ ಹೆಸರಿಟ್ಟಿದ್ದು ಮೆಡಿಟರೇನಿಯನ್ ಸಮುದ್ರದ ಹುಳಕ್ಕೆ. ಆಮೇಲೆ ಅದೇ ಹೆಸರು ಎಷ್ಟೋ ಸಮುದ್ರಗಳ ಹುಳಗಳಿಗೆ ಅಂಟಿತು. ಮಾರ್ಫೈಸಾ ಸ್ಯಾಂಗ್ವಿನಿಯಾ ಅನ್ನುವ ಇನ್ನೊಂದು ಪಾಲಿಕೀಟ್‌ನ ಕಥೆಯೂ ಇದೇ. ಅದು ಇಂಗ್ಲೆಂಡಿನ ಡೆವನ್ ಕರಾವಳಿಯ ಹುಳ. ಪ್ರಪಂಚದ ತುಂಬ ಇದೆ ಅಂತ ನಂಬಿದ್ದರು. ಆಸ್ಟ್ರೇಲಿಯಾದ್ದನ್ನು ಕೂತು ಹೋಲಿಸಿ ನೋಡಿದಾಗ ಬೇರೆಯೇ ಪ್ರಭೇದ, 2003ರಲ್ಲಿ ಅದಕ್ಕೆ ಹೊಸ ಹೆಸರು ಬಂತು. ಕಣ್ಣೂರಿನ ಬಂಡೆಯ ಹುಳಕ್ಕೆ ಯೂರೋಪಿನ ಹೆಸರು ಬರೆಯಲು ನನ್ನ ಕೈ ಹೋಗಲಿಲ್ಲ.

"ಹಾಗಾದ್ರೆ ಹೊಸದು! ನನ್ನ ಹೆಸರಿಡಿ" ಅಂದರು. ಅದಕ್ಕೂ ಒಪ್ಪಲಿಲ್ಲ. ಒಂದೇ ಒಂದು ಹುಳ ಹಿಡಿದು ಹೊಸದು ಅನ್ನುವುದು ನನ್ನ ಮಟ್ಟಿಗೆ ಆತುರ. ಐದಾರಾದರೂ ಬೇಕು. ಹಲ್ಲಿನ ಲೆಕ್ಕ ಒಂದರಿಂದ ಒಂದಕ್ಕೆ ಎಷ್ಟು ಬದಲಾಗುತ್ತದೆ ಅಂತ ತಿಳಿಯಬೇಕು. ಹತ್ತಿರದ ಪ್ರಭೇದಗಳ ಮೂಲ ಮಾದರಿಗಳ, ಅಂದರೆ ಮೊದಲು ಹೆಸರಿಡುವಾಗ ತೆಗೆದಿಟ್ಟ ಹುಳಗಳ ಜೊತೆ ಹೋಲಿಸಬೇಕು. ಚಿತ್ರ ಬರೆಯಬೇಕು. ಹೆಸರನ್ನು ಹೊರುವ ಒಂದು ಹುಳವನ್ನು ಮ್ಯೂಸಿಯಂನಲ್ಲಿಡಬೇಕು. ಡಿಎನ್‌ಎ ಕೂಡ ನೋಡುವುದಾದರೆ ಒಂದೆರಡನ್ನು ಮೊದಲಿಂದಲೂ 95 ಪರ್ಸೆಂಟಿನ ಆಲ್ಕೋಹಾಲಿನಲ್ಲೇ ಇಟ್ಟಿರಬೇಕು. ಫಾರ್ಮಲಿನ್ ಹಾಕಿದರೆ ಡಿಎನ್‌ಎ ಕೆಡುತ್ತದೆ. ಹೇಗೂ ಅದು ಮನೆಯಲ್ಲಿ ಇಟ್ಟುಕೊಳ್ಳುವ ವಸ್ತು ಅಲ್ಲ.

ಇನ್ನೊಂದು ಮಾತು. ಮೈಮೇಲೆ ಬಿಳಿ ಕೂದಲಿನ ಕುಚ್ಚುಗಳಿರುವ ಹುಳ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಅದು ಬೆಂಕಿಹುಳ ಇರಬಹುದು. ಕೂದಲು ಚರ್ಮದೊಳಗೆ ಮುರಿದು ಉರಿಯುತ್ತದೆ. ಇದಕ್ಕೆ ಮಾತ್ರ ಫೋಟೊ ಸಾಕು.

ರಮ್ಮಿನ ಹುಳ ಈಗ ಒಳ್ಳೆ ಆಲ್ಕೋಹಾಲಿನಲ್ಲಿದೆ. ಚೀಟಿಯಲ್ಲಿ ಜಾಗ, ತಾರೀಕು, "ಪೆರಿನೆರೀಸ್", ಅದರ ಮುಂದೆ ಒಂದು ಪ್ರಶ್ನೆ ಚಿಹ್ನೆ. ರಮ್ಮಿನಲ್ಲಿ ತಂದದ್ದು ಅಂತಲೂ ಬರೆದಿದ್ದೇನೆ, ಮುಂದೆ ನೋಡುವವರು ಆ ಬಣ್ಣಕ್ಕೆ ಮೋಸ ಹೋಗಬಾರದಲ್ಲ. ಸುಬೇದಾರರು ಕಾಫಿ ಕೊಯ್ಲು ಮುಗಿಸಿ ಮತ್ತೆ ಕಣ್ಣೂರಿಗೆ ಹೊರಟಿದ್ದಾರೆ. ಈ ಸಲ ಸೀಸೆ ನಾನೇ ತುಂಬಿಸಿ ಕೊಟ್ಟಿದ್ದೇನೆ.

"ಎಷ್ಟು ತರಲಿ ಮೇಡಂ?"

"ಆರು ಸಾಕು. ಎಲ್ಲಕ್ಕೂ ತಲೆ ಇರಲಿ."