ಎಷ್ಟು ಪೌಂಡ್ ಅಂತ ಕೇಳುವ ಮೊದಲು ಯಾವ ಊರು ಹೇಳಿ

ವಾರಕ್ಕೆ ಮೂರು ನಾಲ್ಕು ಫೋನ್ ಬರುತ್ತವೆ. ಎಲ್ಲರದೂ ಒಂದೇ ಪ್ರಶ್ನೆ. "ಅಣ್ಣಾ, ಟರ್ಬೊ ಹಾಕಿದ್ರೆ ಎಷ್ಟು ಪೌಂಡ್ ಇಡಬಹುದು?" ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು. ಪೌಂಡ್ ಅಂದರೆ ಒಂದು ಚದರ ಇಂಚಿನ ಮೇಲೆ ಬೀಳುವ ಒತ್ತಡದ ಲೆಕ್ಕ. ಗಾಡಿ ಯಾವುದು, ಎಲ್ಲಿ ಓಡಿಸುತ್ತಾರೆ, ಯಾವ ಪೆಟ್ರೋಲ್ ಹಾಕುತ್ತಾರೆ, ಒಂದೂ ಹೇಳುವುದಿಲ್ಲ. ಯೂಟ್ಯೂಬಿನಲ್ಲಿ ಯಾರೋ ಹಿಮದ ಗುಡ್ಡದ ಮೇಲೆ ಸ್ನೋಮೊಬೈಲ್, ಅಂದರೆ ಹಿಮದಲ್ಲಿ ಓಡುವ ಗಾಡಿ, ಹತ್ತಿಸುತ್ತಿರುತ್ತಾನೆ. ಅವನು ಎಂಟು ಪೌಂಡ್ ಅಂದಿರುತ್ತಾನೆ. ಇವರಿಗೂ ಎಂಟೇ ಬೇಕು.

ನಾನು ಆರು ಚಳಿಗಾಲ ಕೆನಡಾದ ಆಲ್ಬರ್ಟಾದಲ್ಲಿ ಒಂದು ಸ್ನೋಮೊಬೈಲ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದ್ದೆ. ಈಗ ಚಿಕ್ಕಮಗಳೂರಿನಲ್ಲಿ ರ‍್ಯಾಲಿ ಗಾಡಿ, ಎಸ್ಟೇಟ್ ಜೀಪುಗಳ ಕೆಲಸ. ಅಲ್ಲಿ ಕೇಳುತ್ತಿದ್ದದ್ದೂ ಇದೇ ಪ್ರಶ್ನೆ, ಇಲ್ಲಿ ಕೇಳುವುದೂ ಇದೇ. ಪೈಪ್ ಬಗ್ಗಿಸುವುದು, ವೆಲ್ಡಿಂಗ್, ಆಯಿಲ್ ಲೈನ್ ಎಳೆಯುವುದು, ಇವೆಲ್ಲ ನಿಮಗೆ ಗೊತ್ತೇ ಇರುತ್ತದೆ. ಈ ಪೌಂಡಿನ ವಿಷಯ ಒಂದನ್ನು ಮಾತ್ರ ಇವತ್ತು ಬಿಡಿಸಿ ಹೇಳುತ್ತೇನೆ.

ನಮ್ಮ ಸುತ್ತಲಿನ ಗಾಳಿಗೆ ಅದರದೇ ಒತ್ತಡ ಇದೆ. ಮಂಗಳೂರಿನ ಕಡಲ ದಂಡೆಯಲ್ಲಿ ಅದು ಸುಮಾರು 14.7 ಪೌಂಡ್. ಚಿಕ್ಕಮಗಳೂರು ಪೇಟೆ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಇಲ್ಲಿ 12.9ರ ಹತ್ತಿರ. ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಅಲ್ಲಿ 11.6 ಅಷ್ಟೇ. ಟರ್ಬೊದ ಒತ್ತಡ ತೋರಿಸುವ ಬೂಸ್ಟ್ ಗೇಜ್ ಈ ಗಾಳಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಎಂಜಿನ್ ಆಫ್ ಮಾಡಿ ಎಲ್ಲಿ ನಿಲ್ಲಿಸಿದರೂ ಮುಳ್ಳು ಸೊನ್ನೆಯಲ್ಲೇ ಇರುತ್ತದೆ. ಟರ್ಬೊ ಮೇಲಿಂದ ಎಷ್ಟು ಸೇರಿಸಿತು ಅನ್ನುವುದನ್ನಷ್ಟೇ ಅದು ತೋರಿಸುತ್ತದೆ.

ಇನ್ನೊಂದು ರೀತಿ ಹೇಳುತ್ತೇನೆ. ಜಾತ್ರೆಗೆ ಹೊರಟ ಇಬ್ಬರು ಮೊಮ್ಮಕ್ಕಳಿಗೆ ಅಜ್ಜ ಎಂಟೆಂಟು ರೂಪಾಯಿ ಕೊಟ್ಟ ಅಂದುಕೊಳ್ಳಿ. ಒಬ್ಬನ ಜೇಬಿನಲ್ಲಿ ಮೊದಲೇ ಹನ್ನೊಂದೂವರೆ ಇತ್ತು, ಇನ್ನೊಬ್ಬನ ಜೇಬಿನಲ್ಲಿ ಹದಿನಾಲ್ಕೂವರೆ. ಗೇಜ್ ತೋರಿಸುವುದು ಅಜ್ಜ ಕೊಟ್ಟ ಎಂಟನ್ನು ಮಾತ್ರ. ಎಂಜಿನ್ ಖರ್ಚು ಮಾಡುವುದು ಜೇಬಿನಲ್ಲಿ ಇರುವುದನ್ನೆಲ್ಲ. ಮುಳ್ಳಯ್ಯನಗಿರಿಯಲ್ಲಿ ಎಂಟು ಪೌಂಡ್ ಇಟ್ಟರೆ ಎಂಜಿನ್ ಒಳಗೆ 19.6. ಅದೇ ಎಂಟು ಮಂಗಳೂರಿನಲ್ಲಿ 22.7. ಗೇಜ್ ಮುಳ್ಳು ಕೂದಲೆಳೆಯಷ್ಟೂ ಅಲುಗಿಲ್ಲ. ಒಳಗೆ ಮೂರು ಪೌಂಡ್ ಜಾಸ್ತಿ ಆಗಿದೆ.

ಈಗ ಆ ಸ್ನೋಮೊಬೈಲ್ ವಿಡಿಯೋ ನೆನಪಿಸಿಕೊಳ್ಳಿ. ಬ್ರಿಟಿಷ್ ಕೊಲಂಬಿಯಾದ ರೆವೆಲ್‌ಸ್ಟೋಕ್ ಸುತ್ತಿನ ಬೆಟ್ಟಗಳಲ್ಲಿ ಎರಡು ಸಾವಿರ ಮೀಟರ್ ದಾಟಿ ಓಡಿಸುತ್ತಾರೆ. 2,200 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು 11.2 ಪೌಂಡ್. ಟರ್ಬೊ ಇಲ್ಲದ 850 ಸಿಸಿ ಎಂಜಿನ್ ಅಲ್ಲಿ ತನ್ನ ಬಲದ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಕಳೆದುಕೊಂಡಿರುತ್ತದೆ. ಎದೆಯುದ್ದ ಹಿಮದಲ್ಲಿ ಮೇಲಕ್ಕೆ ಹತ್ತಬೇಕು, ಬಲ ಇಲ್ಲ. ಅದಕ್ಕೇ ಟರ್ಬೊ. ಸ್ಕಿ-ಡೂ ಕಂಪನಿ 2021ರ ಮಾಡೆಲ್‌ನಲ್ಲಿ ಟು-ಸ್ಟ್ರೋಕ್ ಸ್ನೋಮೊಬೈಲಿಗೆ ಕಾರ್ಖಾನೆಯಲ್ಲೇ ಟರ್ಬೊ ಹಾಕಿ ಬಿಟ್ಟಿತು. ಅದು 165 ಅಶ್ವಶಕ್ತಿಯದು. ಟರ್ಬೊ ಇಲ್ಲದ 850 ಕೂಡ ಕೆಳಗೆ ಕೊಡುವುದು ಅಷ್ಟನ್ನೇ. ಟರ್ಬೊದ ಕೆಲಸ ಏನೆಂದರೆ ಅಷ್ಟೇ ಬಲವನ್ನು 8,000 ಅಡಿಯವರೆಗೂ ಬಿಡದೆ ಹಿಡಿದಿಡುವುದು. ಬೆಟ್ಟ ಕಸಿದುಕೊಂಡದ್ದನ್ನು ವಾಪಸ್ ಕೊಡುವುದು. ಎಷ್ಟು ಒತ್ತಬೇಕು ಅಂತ ಅದರ ಕಂಪ್ಯೂಟರ್ ಎತ್ತರ ನೋಡಿ ತೀರ್ಮಾನ ಮಾಡುತ್ತದೆ.

ಹೊರಗಿನಿಂದ ಟರ್ಬೊ ಕಿಟ್ ತಂದು ಹಾಕಿಸಿಕೊಂಡವರಿಗೆ ಆ ಅನುಕೂಲ ಇರುತ್ತಿರಲಿಲ್ಲ. ಸಸ್ಕಾಚೆವಾನ್ ಬಯಲಿನ ರೈತರು ಬೆಟ್ಟದಲ್ಲಿ ಟ್ಯೂನ್ ಮಾಡಿಸಿಕೊಂಡು ಹೋಗುತ್ತಿದ್ದರು. ಊರಿನಲ್ಲಿ ಗೆಳೆಯರ ಎದುರು ಒಂದು ಸಲ ಆಕ್ಸಿಲರೇಟರ್ ಪೂರ್ತಿ ಒತ್ತುತ್ತಿದ್ದರು. ಅವರ ಊರು ಐನೂರು ಮೀಟರ್ ಎತ್ತರದಲ್ಲಿ. ಮುಂದಿನ ವಾರ ಪಿಸ್ಟನ್ ಡಬ್ಬದಲ್ಲಿ ಬರುತ್ತಿತ್ತು, ಮಧ್ಯದಲ್ಲಿ ತೂತು ಬಿದ್ದು. ಒಳ್ಳೆಯ ಜನ, ದುಡಿದು ತಿನ್ನುವವರು. ಅವರ ಮುಖ ನೋಡುವಾಗ ಬಹಳ ಬೇಜಾರಾಗುತ್ತಿತ್ತು.

ನಮ್ಮಲ್ಲಿ ಇದೇ ಕತೆ ಚಾರ್ಮಾಡಿ ಘಾಟಿಯಲ್ಲಿ ನಡೆಯುತ್ತದೆ. ಹೋದ ವರ್ಷ ಮೂಡಿಗೆರೆ ಕಡೆಯ ಹುಡುಗನೊಬ್ಬನ ಜಿಪ್ಸಿ ಟೆಂಪೋ ಮೇಲೆ ನನ್ನ ಗ್ಯಾರೇಜಿಗೆ ಬಂತು. ಟರ್ಬೊ ಬೇರೆ ಕಡೆ ಹಾಕಿಸಿದ್ದ. ಎಂಟು ಪೌಂಡ್. ಮುಳ್ಳಯ್ಯನಗಿರಿ ರಸ್ತೆಯಲ್ಲಿ ಹತ್ತಿಸಿ ನೋಡಿದ್ದಾರೆ, ಚೆನ್ನಾಗಿಯೇ ಓಡಿದೆ. ಎರಡು ತಿಂಗಳು ಏನೂ ಆಗಿಲ್ಲ. ಆಮೇಲೆ ಮಂಗಳೂರಿನಲ್ಲಿ ನೆಂಟರ ಮದುವೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿದಿದ್ದಾನೆ. ಬೆಳ್ತಂಗಡಿ ದಾಟಿದ ಮೇಲೆ ರಸ್ತೆ ಖಾಲಿ ಸಿಕ್ಕಿದೆ, ಕಾಲು ಒತ್ತಿದ್ದಾನೆ. ಬಿ.ಸಿ. ರೋಡ್ ಮುಟ್ಟುವ ಮೊದಲೇ ಹೊಗೆ. ಹೆಡ್ ಬಿಚ್ಚಿದರೆ ಮೂರನೇ ಪಿಸ್ಟನ್ನಿನ ಅಂಚು ಕರಗಿ ಹೋಗಿತ್ತು.

"ಅಣ್ಣಾ, ಗೇಜ್ ಎಂಟೇ ತೋರಿಸ್ತಿತ್ತು" ಅಂದ. ನಿಜವನ್ನೇ ಹೇಳಿದ, ಪಾಪ. ಒತ್ತಡ ಮಿತಿ ಮೀರದಂತೆ ತಡೆಯುವ ವೇಸ್ಟ್‌ಗೇಟ್ ಸ್ಪ್ರಿಂಗ್ ಕೂಡ ಸುತ್ತಲಿನ ಗಾಳಿಯ ಮೇಲೆ ಎಂಟು ಅಂತಲೇ ಹಿಡಿಯುತ್ತದೆ. ಪೆಟ್ರೋಲ್ ಹೆಚ್ಚಿಸಲು ಹಾಕಿದ್ದ ರೆಗ್ಯುಲೇಟರ್‌ನದೂ ಅದೇ ಲೆಕ್ಕ. ಘಾಟಿ ಇಳಿದಾಗ ಗಾಳಿ ಹೆಚ್ಚಾಯಿತು. ಪೆಟ್ರೋಲ್ ಅದಕ್ಕೆ ಸರಿಯಾಗಿ ಹೆಚ್ಚಾಗಲಿಲ್ಲ. ಎಂಜಿನ್ ಲೀನ್ ಆಯಿತು, ನಾಕಿಂಗ್, ಅಂದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು, ಶುರುವಾಯಿತು. ದೊಡ್ಡ ಸೈಲೆನ್ಸರ್ ಸದ್ದಿನಲ್ಲಿ ಆ ಟಣಟಣ ಯಾರಿಗೆ ಕೇಳುತ್ತದೆ?

ಇದರ ಜೊತೆಗೆ ಬಿಸಿಯೂ ಸೇರುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಹಿಮದ ಬೆಟ್ಟದಲ್ಲಿ ಮೈನಸ್ 15 ಡಿಗ್ರಿಯ ಗಾಳಿಯನ್ನು ಆರು ಪೌಂಡ್ ಒತ್ತಿದರೆ, ನನ್ನ ಲೆಕ್ಕದಲ್ಲಿ, ಹೊರಗೆ ಬರುವಾಗ 35 ಡಿಗ್ರಿ ಆಸುಪಾಸು. ಅದು ನಮ್ಮ ಕರಾವಳಿಯ ಮಧ್ಯಾಹ್ನದ ಗಾಳಿ, ಅಷ್ಟೇ. ಆ ಮಧ್ಯಾಹ್ನದ ಗಾಳಿಯನ್ನೇ ಒತ್ತಿದರೆ 75ರಿಂದ 80 ಆಗುತ್ತದೆ. ಗಾಳಿ ತಣಿಸುವ ಇಂಟರ್‌ಕೂಲರ್ ಇಲ್ಲದೆ ಅದನ್ನು ಎಂಜಿನ್ನಿಗೆ ಕುಡಿಸಬಾರದು.

ಪೆಟ್ರೋಲಿನದ್ದು ಇನ್ನೊಂದು ಮೋಸಹೋಗುವ ಜಾಗ. ನಾಕಿಂಗ್ ತಡೆಯುವ ಅದರ ಶಕ್ತಿಯನ್ನು ಆಕ್ಟೇನ್ ಅಂಕಿಯಲ್ಲಿ ಬರೆಯುತ್ತಾರೆ. ಕೆನಡಾದ ವಿಡಿಯೋದಲ್ಲಿ "91 ಪೆಟ್ರೋಲ್" ಅನ್ನುತ್ತಾರೆ. ನಮ್ಮ ಬಂಕಿನ ಸಾದಾ ಪೆಟ್ರೋಲೂ ಬಹಳ ವರ್ಷ 91 ಆಕ್ಟೇನಿನದೇ ಅಲ್ವಾ ಅಂತ ಹುಡುಗರು ವಾದ ಮಾಡುತ್ತಾರೆ. ಎರಡೂ ಒಂದಲ್ಲ. ಅವರು ಎರಡು ಬಗೆಯ ಪರೀಕ್ಷೆಯ ಸರಾಸರಿ ಬರೆಯುತ್ತಾರೆ. ನಾವು ಅದರಲ್ಲಿ ಹೆಚ್ಚು ಅಂಕಿ ಕೊಡುವ ಒಂದು ಪರೀಕ್ಷೆಯದನ್ನು ಮಾತ್ರ ಬರೆಯುತ್ತೇವೆ. ಅವರ 91 ನಮ್ಮ ಲೆಕ್ಕದಲ್ಲಿ 95ರ ಮೇಲೆ ಬರುತ್ತದೆ.

ಸ್ನೋಮೊಬೈಲಿನಲ್ಲಾದರೆ ಕ್ಲಚ್ಚಿನ ತೂಕವನ್ನೂ ಬದಲಿಸಬೇಕು, ಇಲ್ಲದಿದ್ದರೆ ಆರ್‌ಪಿಎಂ ಮಿತಿ ಮೀರುತ್ತದೆ, ಬೆಲ್ಟ್ ಸುಡುತ್ತದೆ. ಜೀಪಿಗೆ ಆ ಕಾಟ ಇಲ್ಲ.

ಹಾಗಾದರೆ ನಿಮ್ಮ ಗಾಡಿಗೆ ಎಷ್ಟು? ನೋಡದೆ ಹೇಳಲು ಆಗುವುದಿಲ್ಲ. ಸಿಲಿಂಡರಿನೊಳಗೆ ಗಾಳಿ ಎಷ್ಟು ಒತ್ತಿಕೊಳ್ಳುತ್ತದೆ ಅನ್ನುವ ಕಂಪ್ರೆಷನ್ ಅಳೆಯಬೇಕು, ಕಿಡಿ ಹಾರುವ ಹೊತ್ತು, ಅಂದರೆ ಇಗ್ನಿಷನ್ ಟೈಮಿಂಗ್, ನೋಡಬೇಕು. ಸುತ್ತಲಿನ ಗಾಳಿಯನ್ನೂ ಸೇರಿಸಿ ಓದುವ ಮ್ಯಾಪ್ ಸೆನ್ಸರ್ ಮತ್ತು ಅದರ ಮಾತು ಕೇಳುವ ಎಂಜಿನ್ ಕಂಪ್ಯೂಟರ್ (ಇಸಿಯು) ಇಲ್ಲದೆ ನಾನು ಟರ್ಬೊ ಹಾಕುವುದಿಲ್ಲ. ಗಾಡಿ ಓಡುವ ಅತಿ ತಗ್ಗಿನ ಜಾಗ ಯಾವುದೋ ಅಲ್ಲಿಗೆ ಟ್ಯೂನ್ ಮಾಡುತ್ತೇನೆ. ಬೆಟ್ಟದ ಮೇಲೆ ಸ್ವಲ್ಪ ಕಡಿಮೆ ಅನಿಸಿದರೂ ಪರವಾಗಿಲ್ಲ. ರಿಜಿಸ್ಟರ್ ಆದ ಗಾಡಿಯನ್ನು ಹೀಗೆ ಬದಲಿಸಿ ರಸ್ತೆಗೆ ಇಳಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಹಾಗಾಗಿ ತೋಟದ ಒಳಗೆ ಓಡುವ ಗಾಡಿ, ರ‍್ಯಾಲಿಗೆಂದೇ ಕಟ್ಟಿದ ಗಾಡಿ ಮಾತ್ರ ನಾನು ಮುಟ್ಟುವುದು.

ಆ ಹುಡುಗನ ಜಿಪ್ಸಿಯ ಟರ್ಬೊ ಬಿಚ್ಚಿ, ಎಂಜಿನ್ ಮೊದಲಿನಂತೆ ಕಟ್ಟಿಕೊಟ್ಟೆ. ಹೋದ ವಾರ ಫೋನ್ ಮಾಡಿದ್ದ. "ಅಣ್ಣಾ, ಹಳೇ ಜೀಪ್ ಒಂದು ಸಿಕ್ಕಿದೆ. ತೋಟದೊಳಗೆ ಮಾತ್ರ ಓಡ್ಸೋದು, ಕೆಳಗೆ ಇಳಿಸಲ್ಲ. 95 ಪೆಟ್ರೋಲ್ ಹಾಕ್ತೀನಿ. ಕಂಪ್ರೆಷನ್ ನೀವೇ ನೋಡಿ." ಪೌಂಡ್ ಕೇಳಲಿಲ್ಲ. ಸೋಮವಾರ ಬೆಳಿಗ್ಗೆಯೇ ತಂದುಬಿಡು ಅಂದೆ.